ಗಾಜಿನ ಹಿಂದೆ ಕೂತವನಿಗೆ ತಗುಲಿದ ವಿಷ

"ನೋಡ್ಕೊಳ್ಳಿ ಮೇಡಂ, ಕಣ್ಣಾರೆ ನೋಡ್ಕೊಳ್ಳಿ" ಎನ್ನುತ್ತಾ ನಗುಮುಖ ಅಂಗಿಯ ತೋಳು ಮಡಚಿದರು. ಹೊಸ ನೀಲಿ ಡ್ರಮ್ಮಿನ ಸೀಲನ್ನು ನನ್ನೆದುರೇ ಒಡೆದು, ಒಂದು ಲೋಟ ಬಗ್ಗಿಸಿ, ಆ ಹಳದಿ ದ್ರವವನ್ನು ಅಂಗೈಗೆ ಸುರಿದುಕೊಂಡರು. ಊಟಕ್ಕೆ ಏಳುವವರ ಹಾಗೆ ನಿಧಾನವಾಗಿ ಕೈ ತೊಳೆದರು.

ನೊರೆ ಬಂತು. ಉಂಗುರದ ಸಂದಿಯನ್ನೂ ಬಿಡಲಿಲ್ಲ.

"ವಿಷ ಆಗಿದ್ರೆ ನಾನು ಹೀಗೆ ಮಾಡ್ತಿದ್ನಾ? ಪಾತ್ರೆ ತೊಳೆಯೋ ಸೋಪಿಗೂ ಇದಕ್ಕೂ ಅಣ್ಣ ತಮ್ಮನ ಸಂಬಂಧ."

"ಪಾತ್ರೆ ತೊಳೆದೋರು ಯಾರೂ ರಕ್ತ ಒಡೆದು ಹಾಸಿಗೆ ಹಿಡಿದಿದ್ದು ನಾನು ಕಾಣೆ ಸಾರ್."

"ಪಾಪ, ಅವರಿಗೆ ಮೊದಲೇ ಏನೋ ಕಾಯಿಲೆ ಇತ್ತೇನೋ" ಎಂದು ಅವರು ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿದರು. ಆಗಲೂ ನಗು. ಕೆಟ್ಟ ಸುದ್ದಿಯನ್ನೂ ನಗುತ್ತಲೇ ಹೇಳುವ ಮನುಷ್ಯ ಎಂದೇ ನಾನು ಅವರಿಗೆ ನಗುಮುಖ ಎಂದು ಹೆಸರಿಟ್ಟದ್ದು.

ಕಡಲು ಚೊಕ್ಕಟ ಮಾಡುವ ಗುತ್ತಿಗೆ ಹಿಡಿದ ಕಂಪನಿಯ ಮ್ಯಾನೇಜರು ಇವರು. ಬಂಡೆಗೆ ಬಡಿದ ಹಡಗಿನಿಂದ ಎಣ್ಣೆ ಸೋರಿದ ಮೇಲೆ ಇವರ ಮೂರು ದೋಣಿಗಳು ಎಣ್ಣೆ ಒಡೆಯುವ ಈ 'ಸೋಪನ್ನು' ಸಿಂಪಡಿಸುತ್ತಿದ್ದವು. ಒಂದು ದೋಣಿ ನಡೆಸುತ್ತಿದ್ದ ನನ್ನ ಭಾವ ಈಗ ಆಸ್ಪತ್ರೆಯಲ್ಲಿದ್ದಾರೆ. ಮೈಯೊಳಗೆ ರಕ್ತ ಒಡೆಯುತ್ತಿದೆ, ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದೆ. ಅಕ್ಕ ನನ್ನ ಎರಡೂ ಕೈ ಹಿಡಿದು "ಇದು ಯಾವುದರಿಂದ ಆಯ್ತು ಅಂತ ನೀನೇ ಕಂಡುಹಿಡೀಬೇಕು ಕಣೇ" ಎಂದು ಅತ್ತಿದ್ದಾಳೆ.

ವಿಮಾ ಕಂಪನಿಗೆ ಸುಳ್ಳು ಅರ್ಜಿ ಹಾಕಿದವರ ಜಾತಕ ಜಾಲಾಡುತ್ತಾ ಅರ್ಧ ಆಯುಷ್ಯ ಕಳೆದವಳು ನಾನು. ಸುಳ್ಳುಗಾರರನ್ನು ಕಂಡರೆ ನನಗೆ ಹುರುಪು ಬರುತ್ತದೆ. ನಗುಮುಖರ ಜೊತೆ ನನಗಿದ್ದ ತೊಂದರೆಯೆಂದರೆ, ಈ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ.

ಡ್ರಮ್ಮಿನಲ್ಲಿ ಏನೇನಿದೆ ಎಂದು ಕೇಳಿದಾಗ ಮೊದಲು "ವ್ಯಾಪಾರದ ಗುಟ್ಟು" ಎಂದರು. ಅವರ ಆಫೀಸಿನ ಮೆಟ್ಟಿಲ ಮೇಲೆ ಕೂತು ಇಡೀ ದಿನ ಬಂದವರಿಗೆಲ್ಲ ನನ್ನ ಭಾವನ ಕತೆ ಹೇಳಿದ ಮೇಲೆ, ತಡೆಯಲಾರದೆ, ಒಳಗಿರುವುದನ್ನೆಲ್ಲ ಡಾಕ್ಟರಿಗೆ ಬರೆದು ಕಳಿಸಿದರು. ಗೆದ್ದೆ ಎಂದು ಬೀಗಿದೆ. ಡಾಕ್ಟರಮ್ಮ ಅದನ್ನು ಓದಿ ಕನ್ನಡಕ ತೆಗೆದರು.

"ಇದರಲ್ಲಿ ರಕ್ತ ಒಡೆಯೋ ಅಂಥದ್ದು ಏನೂ ಇಲ್ಲ. ಕಣ್ಣುರಿ ಬರುತ್ತೆ, ಕೆಮ್ಮು ಬರುತ್ತೆ, ಚರ್ಮ ಕೆರೆಯುತ್ತೆ. ಇದು ಆ ಕೆಲಸ ಮಾಡಲ್ಲ."

ಅಷ್ಟು ಹೋರಾಡಿ ತಂದ ನಿಜ ಮೂರು ಕಾಸಿಗೂ ಪ್ರಯೋಜನವಾಗಲಿಲ್ಲ. ನನಗೆ ಅಲ್ಲೇ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನ್ನಿಸಿತ್ತು.

ಡಾಕ್ಟರಮ್ಮನ ಕಷ್ಟವೂ ಸಣ್ಣದಲ್ಲ. ಮೈ ತನ್ನ ರಕ್ತವನ್ನು ತಾನೇ ಒಡೆದುಕೊಳ್ಳುವ ಕಾಯಿಲೆಯೂ ಉಂಟಂತೆ. ಅದಾಗಿದ್ದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಅಡಗಿಸುವ ಜೋರು ಔಷಧಿ ಕೊಡಬೇಕು. ಹೊರಗಿನ ವಿಷವಾಗಿದ್ದರೆ ಆ ಔಷಧಿ ಮೈಯನ್ನು ಇನ್ನಷ್ಟು ಹಣ್ಣು ಮಾಡುತ್ತದೆ. ಆಗ ಬೇರೆ ರಕ್ತ ಏರಿಸಿ, ಡಯಾಲಿಸಿಸ್ ಯಂತ್ರಕ್ಕೆ ಹಾಕಿ ರಕ್ತ ತೊಳೆದು, ಮೂತ್ರಪಿಂಡವನ್ನು ಉಳಿಸಿಕೊಳ್ಳಬೇಕು. ಪರೀಕ್ಷೆಗಳು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬೆರಳು ತೋರಿಸುತ್ತಿದ್ದವು. "ಇವತ್ತು ಸಂಜೆಯೊಳಗೆ ನಾನು ಒಂದು ದಾರಿ ಹಿಡೀಲೇಬೇಕು. ತಪ್ಪಾದ್ರೆ ವಾಪಸ್ ಬರೋಕಾಗಲ್ಲ" ಎಂದು ಬೆಳಿಗ್ಗೆ ಖಡಾಖಂಡಿತವಾಗಿ ಹೇಳಿದ್ದರು.

ಅದಕ್ಕೇ ಮತ್ತೆ ಇಲ್ಲಿಗೆ ಬಂದು ನಗುಮುಖರ ಪ್ರಾಣ ತಿನ್ನುತ್ತಿದ್ದೆ.

"ಇದಕ್ಕಿಂತ ಮುಂಚೆ ಬೇರೆ ಸೋಪು ಇತ್ತಲ್ವಾ ಸಾರ್?"

"ಇತ್ತು. ಅದನ್ನ ನಿಲ್ಲಿಸಿ ಎಷ್ಟೋ ವರ್ಷ ಆಯ್ತು. ಉಳಿದಿದ್ದನ್ನೆಲ್ಲ ಸುಟ್ಟು ಬೂದಿ ಮಾಡಿದ್ವಿ."

"ಸುಟ್ಟಿದ್ದು ನೀವು ನೋಡಿದ್ರಾ?"

"ಸುಡೋಕೆ ಕಳಿಸಿದ್ದು ನೋಡಿದೀನಲ್ಲ."

"ಕಳಿಸಿದ್ದಕ್ಕೂ ಸುಟ್ಟಿದ್ದಕ್ಕೂ ವ್ಯತ್ಯಾಸ ಇದೆ."

"ನಿಮಗೆ ಎಲ್ಲದರಲ್ಲೂ ಅನುಮಾನ ಮೇಡಂ" ಎಂದು ನಗುಮುಖ ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಕೈ ಕುಲುಕಿದರು. ಅವರ ಕೈ ಘಮಘಮ ಎನ್ನುತ್ತಿತ್ತು, ಅದೂ ನನ್ನ ಹೊಟ್ಟೆ ಉರಿಸಿತು.

*

ದೋಣಿಗಳು ತಂಗುವ ಧಕ್ಕೆಯ ಕೊನೆಯಲ್ಲಿ ಭಾವನ ದೋಣಿ ಹಗ್ಗಕ್ಕೆ ತೂಗಾಡುತ್ತಿತ್ತು. ನೀರಿನ ಮೇಲೆ ಎಣ್ಣೆ ಕಾಣುತ್ತಿರಲಿಲ್ಲ. ದಡದ ಕಲ್ಲುಗಳ ಬುಡದಲ್ಲಿ ಮಾತ್ರ ಕಂದು ನೊರೆ ಕಟ್ಟಿಕೊಂಡು, ಅಲೆ ಬಂದಾಗ ಒಮ್ಮೆ ಉಸಿರಾಡಿ ಮತ್ತೆ ಅಲ್ಲೇ ಕೂರುತ್ತಿತ್ತು.

ಸಿಂಪಡಿಸುವ ಪೈಪು ಹಿಡಿಯುತ್ತಿದ್ದವನು ಉದ್ದಣ್ಣ. ಆರಡಿ ದಾಟಿದ ಆಳು. ನಾನು ಹೋದಾಗ ದೋಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಡಬ್ಬಿಯ ಊಟ ಬಾರಿಸುತ್ತಿದ್ದ. ಡಬ್ಬಿ ಮೂರಂತಸ್ತಿನದು. ಎರಡು ಆಗಲೇ ಖಾಲಿಯಾಗಿದ್ದವು.

"ಬನ್ನಿ ಅಕ್ಕಾ. ಊಟ ಆಯ್ತಾ? ಯಜಮಾನ್ರು ಹೆಂಗಿದ್ದಾರೆ?"

"ಇದ್ದ ಹಾಗೇ ಇದ್ದಾರೆ. ನೀನು ಹೇಗಿದ್ದೀಯ?"

"ನನಗೇನು, ಕಲ್ಲು ತಿಂದು ಕಲ್ಲು ಅರಗಿಸ್ತೀನಿ. ಸ್ವಲ್ಪ ಕೆಮ್ಮು, ಕಣ್ಣುರಿ. ಡಾಕ್ಟರು ನನ್ನ ರಕ್ತಾನೂ ತಗೊಂಡ್ರು. ಗಟ್ಟಿ ಇದೀಯ, ಹೋಗು ಅಂದ್ರು."

"ಮಾಸ್ಕು ಹಾಕ್ತಿದ್ಯಾ?"

"ಹಾಕ್ತಿದ್ದೆ, ಕತ್ತಿಗೆ" ಎಂದು ನಕ್ಕ. "ಆ ಸೆಕೇಲಿ ಮೂಗಿಗೆ ಯಾರು ಹಾಕ್ತಾರೆ? ಗಾಳಿ ತಿರುಗಿದ್ರೆ ಸೋಪೆಲ್ಲ ನನ್ನ ಮುಖಕ್ಕೇ. ಸಂಜೆ ಮನೆಗೆ ಹೋದ್ರೆ ನಮ್ಮನೇವಳು ಬಾಗಿಲಲ್ಲೇ ನಿಲ್ಲಿಸಿ ಎರಡು ಬಕೆಟ್ ನೀರು ಸುರೀತಿದ್ಲು."

"ಭಾವ ಎಲ್ಲಿ ಕೂರ್ತಿದ್ರು?"

ಅವನು ಚಮಚದಲ್ಲೇ ತೋರಿಸಿದ. ದೋಣಿಯ ಮುಂದುಗಡೆ, ನಾಲ್ಕು ಕಡೆಯೂ ಗಾಜಿರುವ ಪುಟ್ಟ ಕೋಣೆ. ಕಿಟಕಿಗೆ ರಬ್ಬರಿನ ಅಂಚು. ಒಳಗೊಂದು ಫ್ಯಾನು, ಅಕ್ಕ ಹೊಲಿದುಕೊಟ್ಟ ಕುರ್ಚಿಯ ದಿಂಬು. "ಯಜಮಾನ್ರು ಗಾಜು ಹಾಕ್ಕೊಂಡೇ ಓಡಿಸ್ತಿದ್ರು. ಅವರಿಗೆ ನಾತ ಆಗ್ತಿರಲಿಲ್ಲ."

ನಾನು ಅಲ್ಲೇ ಹಗ್ಗದ ಸುರುಳಿಯ ಮೇಲೆ ಕೂತೆ.

ಇಷ್ಟು ದಿನ ನನ್ನ ತಲೆಗೆ ಇದು ಹೊಳೆದೇ ಇರಲಿಲ್ಲವಲ್ಲ! ದಿನವಿಡೀ ಸೋಪಿನಲ್ಲಿ ನೆಂದವನು ಮೂರಂತಸ್ತಿನ ಡಬ್ಬಿ ಖಾಲಿ ಮಾಡುತ್ತಿದ್ದಾನೆ. ಗಾಜಿನ ಹಿಂದೆ ಫ್ಯಾನು ಹಾಕಿಕೊಂಡು ಕೂತವರು ಆಸ್ಪತ್ರೆಯಲ್ಲಿ ಮಲಗಿದ್ದಾರೆ. ವಿಷ ಸಮುದ್ರದಲ್ಲಿ ಸಿಂಪಡಿಸುವಾಗ ತಗುಲಿದ್ದೇ ಆಗಿದ್ದರೆ ಮೊದಲು ಬೀಳಬೇಕಿದ್ದವನು ಉದ್ದಣ್ಣ. ಹಾಗಾದರೆ ಭಾವನಿಗೆ ಅದು ತಗುಲಿದ್ದು ದೋಣಿಯಲ್ಲಲ್ಲ. ಬೇರೆಲ್ಲೋ.

ಎಲ್ಲಿ? ಭಾವ ಮನೆ ಬಿಟ್ಟರೆ ದೋಣಿ, ದೋಣಿ ಬಿಟ್ಟರೆ ಮನೆ. ಚಹಾದ ಅಂಗಡಿಯಲ್ಲಿ ಕೂತು ಹರಟುವ ಅಭ್ಯಾಸವೂ ಇಲ್ಲದ ಮನುಷ್ಯ. ನನಗೆ ರೇಗಿತು. ಒಂದು ಗಂಟು ಬಿಚ್ಚಿದರೆ ಅದರೊಳಗೆ ಇನ್ನೆರಡು.

ರೇಗಿದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ನೋಡುವುದು ನನ್ನ ಚಾಳಿ. ಹಿಂದುಗಡೆ ಪಂಪಿನ ಹತ್ತಿರ ಹೋದೆ. ಪಂಪಿಗೆ ಎರಡು ಪೈಪು ಸೇರುತ್ತಿದ್ದವು. ಒಂದು ನೀಲಿ ಡ್ರಮ್ಮಿನಿಂದ. ಇನ್ನೊಂದು ದೋಣಿಯ ತಳದಿಂದ, ಸಮುದ್ರದ ನೀರನ್ನು ಎಳೆಯುವಂಥದ್ದು. ಎರಡನೆಯದಕ್ಕೆ ಒಂದು ವಾಲ್ವು. ಅದು ತೆರೆದುಕೊಂಡಿತ್ತು, ಹಿಡಿಯ ಸುತ್ತ ಬಿಳಿ ಉಪ್ಪು ಗಟ್ಟಿಯಾಗಿ ಕೂತಿತ್ತು.

"ಇದೇನಿದು?"

"ಸಮುದ್ರದ ನೀರು ಕೂಡಿಸೋದು. ಸೋಪಿನ ಜೊತೆ ನೀರು ಸೇರಿಸಿ ಹೊಡೀತಿದ್ವಿ. ಯಜಮಾನ್ರೇ ತೆಗೆದು ಬಿಟ್ಟಿದ್ರು."

ಪಕ್ಕದಲ್ಲಿದ್ದ ಬೇರೆ ಎರಡು ದೋಣಿಗಳಿಗೂ ಹಾರಿ ನೋಡಿದೆ. (ನನ್ನ ವಯಸ್ಸಿಗೆ, ನನ್ನ ತೂಕಕ್ಕೆ ಅದು ಹಾರಿದ್ದು ಎನ್ನುವುದು ದೊಡ್ಡ ಮಾತು. ಉದ್ದಣ್ಣ ರಟ್ಟೆ ಹಿಡಿದು ದಾಟಿಸಿದ.) ಅವುಗಳಲ್ಲಿ ಆ ವಾಲ್ವನ್ನು ಮುಚ್ಚಿ ತಂತಿ ಬಿಗಿದಿದ್ದರು.

"ಅವರು ಯಾಕೆ ನೀರು ಸೇರಿಸಲ್ಲ?"

ಉದ್ದಣ್ಣ ಭುಜ ಹಾರಿಸಿದ. "ನಾನು ಈ ಕೆಲಸಕ್ಕೆ ಹೊಸಬ ಅಕ್ಕಾ. ಯಜಮಾನ್ರು ಹಳಬರು. ಅವರು ಹೇಳಿದ್ದು ಮಾಡೋದು."

*

ಕೇಳಬೇಕಾದವರು ಒಬ್ಬರೇ ಇದ್ದರು. ಧಕ್ಕೆಯ ಹಿಂದಿನ ಹಳೆಯ ಐಸ್ ಫ್ಯಾಕ್ಟರಿಯ ಕೋಣೆಯಲ್ಲಿ ಕಡಲ ಜೀವಿಗಳ ಸಂಶೋಧನೆ ಮಾಡುವ ಹೆಂಗಸು. ಧಕ್ಕೆಯವರೆಲ್ಲ ಅವರನ್ನು ಮೀನು ಮೇಡಂ ಎನ್ನುತ್ತಿದ್ದರು. ಎಣ್ಣೆ ಸೋರಿದಂದಿನಿಂದ ಆಕೆ ಕಂಡಕಂಡವರಿಗೆಲ್ಲ ದೂರು ಬರೆದು, ಯಾರಿಂದಲೂ ಉತ್ತರ ಬರದೆ, ನನಗಿಂತ ಹೆಚ್ಚು ಕೆರಳಿ ಕೂತಿದ್ದರು. ಒಳಗೆ ಕಾಲಿಟ್ಟ ಕೂಡಲೇ ಶುರುವಾಯಿತು.

"ಟೀವಿಯೋರಾ? ಕಡಲು ಚೆನ್ನಾಗಿ ಕಾಣ್ತಿದೆ ಅಂತ ಹೇಳೋಕೆ ಬಂದ್ರಾ?"

"ಅಲ್ಲ ಮೇಡಂ. ಆಸ್ಪತ್ರೇಲಿ ಇದ್ದಾರಲ್ಲ ದೋಣಿಯವರು, ಅವರ ನಾದಿನಿ."

ಆಕೆಯ ದನಿ ಇಳಿಯಿತು. ಒಂದು ಸ್ಟೂಲು ಎಳೆದುಕೊಟ್ಟರು. ಅದರ ಮೇಲಿದ್ದ ಒದ್ದೆ ಕೈಗವಸುಗಳನ್ನು ತೆಗೆದು ತಮ್ಮ ಹೆಗಲ ಮೇಲೇ ಹಾಕಿಕೊಂಡರು.

ಕೋಣೆಯ ತುಂಬ ಗಾಜಿನ ಜಾಡಿಗಳು. ಪ್ರತಿ ದೋಣಿ ಸೋಪು ಹೊಡೆದುಕೊಂಡು ಮುಂದೆ ಹೋದ ಮೇಲೆ ಆಕೆ ಹಿಂದಿನಿಂದ ಸಣ್ಣ ದೋಣಿಯಲ್ಲಿ ಹೋಗಿ ನೀರು ತುಂಬಿಕೊಂಡು ಬರುತ್ತಿದ್ದರಂತೆ. ಜಾಡಿಗಳಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಮರಿಮೀನುಗಳು, ದಾರದ ತುಂಡುಗಳ ಹಾಗೆ.

"ಎಣ್ಣೆ ಮೇಲೆ ತೇಲ್ತಿದ್ರೆ ಬಳಿದಾದ್ರೂ ತೆಗೀಬಹುದಿತ್ತು" ಎಂದರು. "ಇವರ ಸೋಪು ಅದನ್ನ ಪುಡಿಪುಡಿ ಮಾಡಿ ಕೆಳಗೆ ಇಳಿಸುತ್ತೆ. ಆಳ ಸಮುದ್ರದಲ್ಲಿ ಚದುರಿ ಹೋಗುತ್ತೆ ಅನ್ನಿ, ಅಲ್ಲಿ ಕೆಲವು ಸಲ ಅದೇ ಸರಿ. ಆದ್ರೆ ಇಲ್ಲಿ, ಹೊಳೆ ಕಡಲು ಸೇರೋ ಅಳಿವೆ ಬಾಯಲ್ಲಿ? ಆಳ ಇಲ್ಲ. ಮೊಟ್ಟೆ, ಮರಿ, ಚಿಪ್ಪು ಎಲ್ಲ ಅಲ್ಲೇ. ಎಣ್ಣೆ ಒಂದೇ ಇದ್ದಿದ್ರೆ ಬದುಕ್ತಿದ್ದವು, ಸೋಪು ಒಂದೇ ಇದ್ದಿದ್ರೂ ಬದುಕ್ತಿದ್ದವೇನೋ. ಎರಡೂ ಸೇರಿದ್ರೆ ಸಣ್ಣ ಹನಿಯಾಗಿ ಮೈಯೊಳಗೇ ಹೋಗುತ್ತೆ. ಯಾರಿಗೆ ಹೇಳೋಣ? ಮರಿಮೀನಿಗೆ ಓಟಿಲ್ಲ."

"ಮೂರು ದೋಣೀದೂ ಒಂದೇ ಥರ ಇದೆಯಾ?"

ಆಕೆ ನನ್ನನ್ನು ದಿಟ್ಟಿಸಿದರು. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಕಾದು ಕಾದು ಸಾಕಾಗಿತ್ತೋ ಏನೋ.

"ಇಲ್ಲ. ಎರಡು ದೋಣಿ ಹಿಂದಿನ ನೀರಲ್ಲಿ ಅರ್ಧಕ್ಕರ್ಧ ಮರಿಗಳು ಉಳಿದಿವೆ. ನಿಮ್ಮ ಭಾವನ ದೋಣಿ ಹಿಂದಿನದ್ರಲ್ಲಿ," ಅವರು ಒಂದು ಜಾಡಿಯನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಬಿಳಿ ಗಸಿ ಕೂತಿತ್ತು. "ಒಂದೂ ಇಲ್ಲ. ಮೊದಲ ಒಂದೆರಡು ದಿನ ಹೀಗಿರಲಿಲ್ಲ. ಆಮೇಲೆ ಶುರುವಾಯ್ತು. ಕಂಪನಿಯವರಿಗೆ ಹೇಳಿದ್ರೆ, ಒಂದೇ ಡ್ರಮ್ಮು, ಒಂದೇ ಲೇಬಲ್ಲು, ನಿಮ್ಮ ಜಾಡಿಯೇ ಸರಿಯಿಲ್ಲ ಅಂದ್ರು."

ನಾನು ವಾಲ್ವಿನ ವಿಷಯ ಹೇಳಿದೆ. ಆಕೆ ಕೂಡಲೇ ಎದ್ದು ಎರಡು ಬಾಟಲಿಗಳಲ್ಲಿ ಸಮುದ್ರದ ನೀರು ತುಂಬಿ ಮೇಲೆ ಒಂದಷ್ಟು ಕಪ್ಪೆಣ್ಣೆ ಬಿಟ್ಟರು. ಕಂಪನಿಯ ಹೊಸ ಸೋಪನ್ನು ಮೊದಲ ಬಾಟಲಿಗೆ ಹಾಗೇ ಹಾಕಿ ಕುಲುಕಿದರು. ನೀರೆಲ್ಲ ಕಾಫಿಯ ಬಣ್ಣಕ್ಕೆ ಬಂತು. ಅದೇ ಸೋಪಿಗೆ ಮೊದಲೇ ನೀರು ಬೆರೆಸಿ ಎರಡನೆಯದಕ್ಕೆ ಹಾಕಿದರು. ಕುಲುಕಿದರೆ ನೀರು ಹಾಲಿನಂತೆ ಬೆಳ್ಳಗಾಯಿತು, ಎಣ್ಣೆ ಮಾತ್ರ ಕದಲದೆ ಮೇಲೆಯೇ ತೇಲಿತು.

"ನೋಡಿದ್ರಾ? ಹೊಸದಕ್ಕೆ ನೀರು ಸೇರಿಸಿದ್ರೆ ಕೆಟ್ಟೋಗುತ್ತೆ. ನಿಮ್ಮ ಭಾವ ನೀರು ಸೇರಿಸಿ ಹೊಡೀತಿದ್ರು ಅಂತೀರ. ಆದ್ರೆ ಅವರ ಹಿಂದೆ ನಾನು ಹೋದಾಗ ನೀರು ಬೆಳ್ಳಗಿರಲಿಲ್ಲ, ಕಾಫಿ ಬಣ್ಣಾನೇ ಇತ್ತು. ಅಂದ್ರೆ ಅದು ನೀರು ಸೇರಿಸಿ ಹೊಡೆಯೋ ಸೋಪು. ಹಳೇದು."

"ಹಳೇದ್ರಲ್ಲಿ ಏನಿತ್ತು?"

"ಬ್ಯೂಟಾಕ್ಸಿ ಎಥನಾಲ್ ಅಂತ ಒಂದು ದ್ರಾವಕ. ಗಾಳಿ ಆಡದ ಜಾಗದಲ್ಲಿ ಅದರ ಆವಿ ಕುಡಿದ್ರೂ ಅಷ್ಟೇ, ಚರ್ಮದಿಂದ ಒಳಗೆ ಹೋದ್ರೂ ಅಷ್ಟೇ. ಕೆಂಪು ರಕ್ತಕಣ ಒಡೆಯುತ್ತೆ. ಅದಕ್ಕೇ ಇಲ್ಲಿ ನಿಲ್ಲಿಸಿದ್ದು."

ಅಂಗಳದಲ್ಲಿ ನಿಂತು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಆಕೆ ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡರು.

"ಹೊಂದುತ್ತೆ. ಚೆನ್ನಾಗೇ ಹೊಂದುತ್ತೆ. ಆದ್ರೆ ಅವರು ಗಾಜಿನ ಒಳಗೆ ಕೂತಿದ್ರು ಅಂತ ನೀವೇ ಹೇಳ್ತಿದ್ದೀರ. ಜಾಡಿ ನೋಡಿ ನಾನು ಮನುಷ್ಯನಿಗೆ ಔಷಧಿ ಕೊಡೋಕಾಗಲ್ಲ. ಅವರು ಅದನ್ನ ಮುಟ್ಟಿದ್ದಾರೆ, ಇಲ್ಲಾ ಅದರ ಆವಿ ಎಳ್ಕೊಂಡಿದ್ದಾರೆ ಅಂತ ಯಾರಾದ್ರೂ ನನಗೆ ಹೇಳ್ಬೇಕು."

ಯಾರು ಹೇಳಬೇಕು? ಫೋನು ಜೇಬಿಗೆ ಹಾಕಿ ನಾಲ್ಕು ಹೆಜ್ಜೆ ನಡೆದಿದ್ದೆನೋ ಇಲ್ಲವೋ, ಕಾಲು ಅಲ್ಲೇ ನಿಂತಿತು.

ಮೋಸ ಹೋದವನು ಹೊಸ ಸೋಪು ಎಂದು ನಂಬಿ ಹಾಗೇ ಹೊಡೆಯುತ್ತಾನೆ. ವಾಲ್ವು ಮುಚ್ಚಿಯೇ ಇರುತ್ತದೆ. ಅದನ್ನು ತೆರೆಯುವವನು ಡ್ರಮ್ಮಿನೊಳಗೆ ಇರುವುದೇನೆಂದು ಬಲ್ಲವನು. ಕಳ್ಳ ಮಾಲು ತುಂಬಿದರೂ ಕೆಲಸ ಮಾತ್ರ ನೆಟ್ಟಗೆ ಆಗಲಿ ಎಂದು ತಂತಿ ಬಿಚ್ಚಿ ನೀರು ಬಿಟ್ಟ ಕೈ, ಅಡ್ಡಾದಿಡ್ಡಿ ಕೆಲಸವನ್ನು ಜನ್ಮದಲ್ಲಿ ಸಹಿಸದ ಹಳೆಯ ದೋಣಿಗಾರನ ಕೈ.

ಅಂಥವರು ಆ ದೋಣಿಯಲ್ಲಿ ಒಬ್ಬರೇ ಇದ್ದರು.

*

ಭಾವ ಕಿಟಕಿಯ ಪಕ್ಕದ ಮಂಚದಲ್ಲಿದ್ದರು. ಕಣ್ಣಿನ ಬಿಳಿಯ ಭಾಗ ಹಳದಿಗಟ್ಟಿತ್ತು, ತುಟಿ ಬಿಳಿಚಿಕೊಂಡಿತ್ತು. ನನ್ನನ್ನು ಕಂಡು ಎಂದಿನಂತೆ ಒಂದು ಹುಬ್ಬು ಏರಿಸಿದರು.

"ಬಂದ್ರು ನಮ್ಮ ಸಿಐಡಿ. ಕಳ್ಳ ಸಿಕ್ನಾ?"

"ಸಿಕ್ಕ."

"ಯಾರಂತೆ?"

"ನೀವು ಹೇಳಿ ಭಾವಾ. ನನ್ನ ಬಾಯಲ್ಲಿ ಬರೋದಕ್ಕಿಂತ ಅದೇ ಒಳ್ಳೇದು."

ಅವರು ಸೂರು ನೋಡಿದರು. ಡಾಕ್ಟರಮ್ಮ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಅಕ್ಕ ಇರಲಿಲ್ಲ. ಸ್ನಾನ ಮಾಡಿಕೊಂಡು ಬರುತ್ತೇನೆಂದು ಮನೆಗೆ ಹೋಗಿದ್ದಾಳೆ ಎಂದು ನರ್ಸು ಹೇಳಿದ್ದಳು. ನನಗೆ ಅದೇ ಸಮಾಧಾನವಾಗಿತ್ತು. ಇದನ್ನು ಅವಳೆದುರು ಆಡುವ ಧೈರ್ಯ ನನಗಿರಲಿಲ್ಲ.

"ನಾನೇನು ಹೇಳ್ಲಿ? ಸೋಪು ಹೊಡೆದೆ, ಆರೋಗ್ಯ ಕೆಟ್ಟಿತು."

"ನೀವು ಸೋಪು ಹೊಡೀಲಿಲ್ಲ. ಉದ್ದಣ್ಣ ಹೊಡೆದಿದ್ದು. ಅವನು ಗುಂಡುಕಲ್ಲಿನ ಹಾಗಿದ್ದಾನೆ."

"ಅವನ ಮೈ ಗಟ್ಟಿ."

"ಅವನ ಸೋಪಿಗೆ ನೀರು ಸೇರಿತ್ತು. ವಾಲ್ವು ತೆಗೆದಿದ್ದು ನೀವು."

ಭಾವ ಮುಖವನ್ನು ಕಿಟಕಿಯ ಕಡೆ ಹೊರಳಿಸಿದರು.

"ಹೊಸದಕ್ಕೆ ನೀರು ಸೇರಿಸಬಾರದು ಅಂತ ನಿಮಗೆ ಗೊತ್ತಿಲ್ವಾ? ಗೊತ್ತು. ಸೇರಿಸಿದ್ರಿ ಅಂದ್ರೆ ಡ್ರಮ್ಮಲ್ಲಿ ಹೊಸದು ಇರಲಿಲ್ಲ. ಸುಡೋಕೆ ಅಂತ ಕಂಪನಿ ಕಳಿಸಿದ ಹಳೇ ಮಾಲು ಯಾರ ದೋಣೀಲಿ ಹೋಯ್ತು ಭಾವಾ?"

"ತಲೆ ನೋಯ್ತಿದೆ. ಆಮೇಲೆ ಮಾತಾಡೋಣ."

ಅಷ್ಟು ಹೊತ್ತು ಹಿಡಿದಿಟ್ಟಿದ್ದದ್ದು ನನ್ನ ಕೈ ಮೀರಿತು.

"ಆಮೇಲೆ ಅನ್ನೋದು ಇಲ್ಲ ಭಾವಾ! ಸಂಜೆ ಇವರು ಔಷಧಿ ಶುರು ಮಾಡ್ತಾರೆ. ಅದು ತಪ್ಪು ಔಷಧಿ ಆದ್ರೆ ನೀವು ಉಳಿಯಲ್ಲ. ನಾನು ಇಷ್ಟು ದಿನ ಬೀದಿ ನಾಯಿ ಥರ ಅಲೆದಿದ್ದೀನಿ. ಆ ಕಂಪನಿ ಮೆಟ್ಟಿಲ ಮೇಲೆ ಕೂತು ಮಾನ ಮರ್ಯಾದೆ ಬಿಟ್ಟಿದ್ದೀನಿ. ಕೇಳಿದ್ದಕ್ಕೆಲ್ಲ ಉತ್ತರ ಈ ಮಂಚದ ಮೇಲೇ ಮಲಗಿತ್ತು, ಬಾಯಿ ಮುಚ್ಕೊಂಡು! ನನ್ನ ಮೇಲೆ ನಂಬಿಕೆ ಇಲ್ದಿದ್ರೆ ಬೇಡ. ಅಕ್ಕನ ಮುಖ ನೋಡಿಯಾದ್ರೂ ಬಾಯಿ ಬಿಡಬಾರದಿತ್ತಾ?"

ಅಳು ಬಂದದ್ದಕ್ಕೂ ನನಗೆ ಸಿಟ್ಟೇ ಬಂತು.

ಭಾವ ಚಾದರದ ಅಂಚನ್ನು ಮಡಚಿದರು, ಬಿಡಿಸಿದರು.

"ನನ್ನ ದೋಣೀಲೇ ಹೋಯ್ತು" ಎಂದರು ಕೊನೆಗೆ. "ಸುಡೋ ಭಟ್ಟಿಯೋರು ಬೇಡ ಅಂದ್ಬಿಟ್ರು. ಇದರ ಹೊಗೆ ನಮಗಾಗಲ್ಲ ಅಂತ. ವಾಪಸ್ ತಂದು ಮನೆ ಹಿಂದಿನ ಬಲೆ ಶೆಡ್ಡಲ್ಲಿ ಇಟ್ಟೆ. ನಾಲ್ಕು ದಿನ ಬಿಟ್ಟು ಕಂಪನಿಗೆ ಹೇಳೋಣ ಅಂತ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ವರ್ಷಗಳು ಹೋದ್ವು. ಡ್ರಮ್ಮು ತುಕ್ಕು ಹಿಡೀತು, ಸೋರೋಕೆ ಶುರುವಾಯ್ತು. ಆಗ ಈ ಎಣ್ಣೆ ಬಂತು."

"ಇದೇ ಸಮಯ ಅಂತ ಕಡಲಿಗೆ ಸುರಿದ್ರಿ."

"ಎಣ್ಣೆಗೆ ಅಂತಲೇ ಮಾಡಿದ್ದಲ್ವೇನಮ್ಮ ಅದು? ಹಿಂದೆ ನಾವೇ ಎಷ್ಟು ಹೊಡೆದಿಲ್ಲ! ಅದರ ಕೆಲಸ ಅದು ಮಾಡಿ ಹೋಗ್ಲಿ ಅಂದ್ಕೊಂಡೆ. ನೀಲಿ ಡ್ರಮ್ಮು ಖಾಲಿಯಾದ ಹಾಗೆ ಮನೆಗೆ ತಂದು, ಶೆಡ್ಡಲ್ಲಿ ಹಳೇದನ್ನ ಅದಕ್ಕೆ ತುಂಬಿ, ಬೆಳಿಗ್ಗೆ ದೋಣಿಗೆ ಹಾಕ್ತಿದ್ದೆ. ಯಾರ ಕಣ್ಣಿಗೂ ಬೀಳಬಾರದು ಅಂತ ಬಾಗಿಲು ಹಾಕ್ಕೊಂಡು."

"ಮೈ ಮೇಲೆ ಬಿತ್ತಾ?" ಡಾಕ್ಟರಮ್ಮ ಮುಂದೆ ಬಂದರು.

"ಪೈಪಿನ ಬಾಯಿ ಜಾರ್ತಿತ್ತು. ಸೊಂಟದಿಂದ ಕೆಳಗೆ ನೆಂದೇ ಹೋಗ್ತಿತ್ತು. ಒಣಗುತ್ತೆ ಬಿಡು ಅಂತ ಅದೇ ಬಟ್ಟೇಲಿ ದೋಣಿ ಹತ್ತುತ್ತಿದ್ದೆ."

ಡಾಕ್ಟರಮ್ಮ ಇನ್ನೇನನ್ನೂ ಕೇಳಲಿಲ್ಲ. ಬಾಗಿಲಿಗೆ ಹೋಗಿ ನರ್ಸನ್ನು ಕೂಗಿ, ಜೋರು ಔಷಧಿ ಬೇಡ, ರಕ್ತದ ಬಾಟಲಿ ತರಿಸಿ, ಯಂತ್ರ ಸಿದ್ಧ ಮಾಡಿ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ನನ್ನ ಭುಜ ಒತ್ತಿದರು. "ಹೊತ್ತಾಗಿಲ್ಲ. ಉಳಿಸ್ಕೋಬಹುದು."

ಕುರ್ಚಿಗೆ ಕುಸಿದೆ. ಬೆಳಗಿನಿಂದ ಮೊದಲ ಸಲ ನೀರು ಕುಡಿಯಬೇಕು ಎನ್ನಿಸಿತು.

"ಇನ್ನೊಂದು ವಿಷಯ," ಡಾಕ್ಟರಮ್ಮ ಬಾಗಿಲಿನಿಂದಲೇ ತಿರುಗಿದರು. "ಡ್ರಮ್ಮಿಂದ ಡ್ರಮ್ಮಿಗೆ ಹೇಗೆ ತುಂಬಿಸ್ತಿದ್ರಿ?"

"ಕೈ ಪಂಪು."

"ಒಬ್ಬ ಪೈಪು ಹಿಡಿದ್ರೆ ಪಂಪು ತಿರುಗಿಸೋಕೆ ಇನ್ನೊಬ್ಬರು ಬೇಕಲ್ಲ. ಯಾರದು? ಅವರನ್ನೂ ಈಗಲೇ ಕರೆಸ್ಬೇಕು."

ಭಾವ ಕಣ್ಣು ಮುಚ್ಚಿಕೊಂಡರು.

"ಉದ್ದಣ್ಣನಾ?" ಎಂದೆ.

"ಅವನಿಗೆ ಪಾಪ ಏನೂ ಗೊತ್ತಿಲ್ಲ."

"ಮತ್ಯಾರು ಭಾವಾ?"

"ಯಾರಿಗೂ ಬಾಯಿ ಬಿಡಲ್ಲ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡಿದ್ಲು" ಎಂದರು. ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. "ನಾನೇ ಮಾಡಿಸಿದ್ದು. ಹೇಳಿದ್ರೆ ಅವಳೂ ಜೈಲಿಗೆ ಹೋಗ್ತಾಳೆ ಅಂತ. ಅದಕ್ಕೇ ನಿನ್ನನ್ನ ಕರೆಸಿದ್ಲು. ನೀನಾಗೇ ಕಂಡುಹಿಡಿದ್ರೆ ಆಣೆ ಮುರಿದ ಹಾಗಾಗಲ್ಲ ಅಂತ."

ಅಕ್ಕ. ನನ್ನೆರಡೂ ಕೈ ಹಿಡಿದುಕೊಂಡು ಅತ್ತವಳು ಎಲ್ಲವನ್ನೂ ಬಲ್ಲವಳು. ಬಾಯಿ ಬಿಡಲಾರದೆ, ನಾನು ದಾರಿ ತಪ್ಪಿ ತಿರುಗುವುದನ್ನು ನೋಡುತ್ತಾ, ದಿನಕ್ಕೆ ಹತ್ತು ಸಲ "ಏನಾದ್ರೂ ಗೊತ್ತಾಯ್ತಾ?" ಎಂದು ಕೇಳುತ್ತಿದ್ದಳು.

"ನಿನ್ನೆಯಿಂದ ಅವಳಿಗೂ ಮೂತ್ರ ಕಪ್ಪಗೆ ಹೋಗ್ತಿದೆ. ಯಾರಿಗೂ ಹೇಳಬೇಡಿ ಅಂದ್ಲು."

"ಈಗ ಎಲ್ಲಿದ್ದಾಳೆ? ಸ್ನಾನಕ್ಕೆ ತಾನೇ ಹೋಗಿದ್ದು?"

"ಒಂದು ಡ್ರಮ್ಮು ಉಳಿದಿತ್ತು. ನೀನು ಇವತ್ತು ಕಂಡುಹಿಡಿದೇ ಹಿಡೀತೀಯ, ನಿನ್ನ ಹಿಂದೆ ಪೊಲೀಸರು ಬರ್ತಾರೆ, ಅಷ್ಟರೊಳಗೆ ಅದನ್ನ ಅಳಿವೆಗೆ ಖಾಲಿ ಮಾಡಿ ಶೆಡ್ಡು ತೊಳೀತೀನಿ ಅಂದ್ಲು. ಬೇಡ ಅಂತ ಕೈ ಮುಗಿದೆ. ಕೇಳಲಿಲ್ಲ."

ಡಾಕ್ಟರಮ್ಮನ ಮುಖ ನೋಡಿದೆ. ಕೇಳುವ ಅಗತ್ಯವೇ ಇರಲಿಲ್ಲ. ಆಗಲೇ ರಕ್ತ ಒಡೆಯಲು ಶುರುವಾದವಳು, ಬಾಗಿಲು ಮುಚ್ಚಿದ ಶೆಡ್ಡು, ತೆರೆದ ಡ್ರಮ್ಮು.

ಓಡುತ್ತಲೇ ಅಕ್ಕನ ನಂಬರು ಒತ್ತಿದೆ. ಬಾಗಿಲು ದಾಟುವ ಮೊದಲೇ ರಿಂಗಾಯಿತು. ನನ್ನ ಬೆನ್ನ ಹಿಂದೆ, ಭಾವನ ದಿಂಬಿನ ಕೆಳಗೆ.

"ಬೇಕಂತಲೇ ಬಿಟ್ಟು ಹೋಗಿದ್ದಾಳೆ" ಎಂದರು ಭಾವ. "ನೀನು ಫೋನ್ ಮಾಡ್ತೀಯ ಅಂತ ಅವಳಿಗೆ ಗೊತ್ತಿತ್ತು."